ಅಕ್ವೇರಿಯಂ ಮೀನಿಗೆ ಗುಂಡಿಗೆಯೋ, ಕಲೇಜಿಯೋ, ಸಿಗಡಿಯೋ? ಕಲಬುರಗಿ ಬಿಸಿಲಿಗೆ ಹೊಂದುವ ಆಯ್ಕೆ

ಭಾನುವಾರ ಬೆಳಿಗ್ಗೆ ಮಟನ್ ಅಂಗಡಿ ಮುಂದೆ ನಿಂತಿದ್ದೆ. ಪಕ್ಕದ ಓಣಿಯ ಹುಡುಗ ಬಂದು ಕೇಳಿದ: “ಕಾಕಾ, ಫ್ಲವರ್‌ಹಾರ್ನ್‌ಗೆ ಗುಂಡಿಗಿ ಹಾಕಿದ್ರ ತಲಿ ದೊಡ್ಡದಾಗ್ತದಂತ, ಖರೇ ಏನ್ರಿ? ಕಲೇಜಿ ಹಾಕ್ಲಕ್ ಬರ್ತದೇನು?” ಫ್ಲವರ್‌ಹಾರ್ನ್ ಅಂದರೆ ತಲೆ ಉಬ್ಬಿರುವ ಅಕ್ವೇರಿಯಂ ಮೀನು; ಗುಂಡಿಗಿ ಅಂದರೆ ಹೃದಯ, ಕಲೇಜಿ ಅಂದರೆ ಯಕೃತ್ತು. ಇಂಥ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ನನಗೆ ತಿಂಗಳಿಗೆ ಎರಡು ಮೂರು ಸಲ ಬರುತ್ತದೆ. ಗೋಲ್ಡ್ ಫಿಶ್ ಇಟ್ಟವರು ಕೇಳುತ್ತಾರೆ, ಆಸ್ಕರ್ ಇಟ್ಟವರು ಕೇಳುತ್ತಾರೆ. ಮನೆಯಲ್ಲಿ ಮಾಂಸವೇ ಮಾಡದವರೂ ಮೀನಿನ ಸಲುವಾಗಿ ಕೇಳುತ್ತಾರೆ. ಎಲ್ಲರಿಗೂ ಒಂದೇ ಉತ್ತರ ಇಲ್ಲ. ಅದಕ್ಕೇ ಇದನ್ನು ಕೂತು ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮಾಂಸ ಮೀನಿಗೆ ಹಬ್ಬದೂಟ. ದಿನದ ಊಟ ಒಳ್ಳೆಯ ಪೆಲೆಟ್ ಕಾಳೇ ಆಗಿರಬೇಕು. ಅದರಲ್ಲಿ ಮೀನಿನ ಪುಡಿ, ವಿಟಮಿನ್, ಖನಿಜ ಎಲ್ಲ ಅಳತೆಯಲ್ಲಿ ಸೇರಿರುತ್ತವೆ. ಒಂದು ತುಂಡು ಗುಂಡಿಗೆಯಲ್ಲಿ ಅದೆಲ್ಲ ಇರುವುದಿಲ್ಲ. ಹಾಗಾಗಿ ಕೆಳಗೆ ನಾನು ಹೋಲಿಸುವುದೆಲ್ಲ ವಾರಕ್ಕೆ ಒಂದು ಸಲ, ಹೆಚ್ಚೆಂದರೆ ಎರಡು ಸಲ ಕೊಡುವ ತಿನಿಸು.

ಆರಿಸುವ ಮುಂಚೆ ಏನೇನು ನೋಡಬೇಕು

ಮೊದಲನೆಯದು ಮೀನಿನ ಹೊಟ್ಟೆ. ಗೋಲ್ಡ್ ಫಿಶ್ ಮತ್ತು ಕೋಯಿ ಗೆಂಡೆ ಜಾತಿಯವು. ಅವಕ್ಕೆ ನಮ್ಮಂತೆ ಆಮ್ಲ ಇರುವ ಜಠರವೇ ಇಲ್ಲ, ಉದ್ದನೆಯ ಕರುಳು ಮಾತ್ರ. ಗಟ್ಟಿ ಮಾಂಸ ಅವಕ್ಕೆ ಸರಿಯಾಗಿ ಅರಗುವುದಿಲ್ಲ. ಮೋಲಿ, ಸಿಲ್ವರ್ ಡಾಲರ್, ಪಾಚಿ ತಿಂದು ಬದುಕುವ ಮಲಾವಿ ಸಿಕ್ಲಿಡ್‌ಗಳು ಸೊಪ್ಪಿನ ಕಡೆಯವು. ಮಾಂಸ ಜಾಸ್ತಿಯಾದರೆ ಅವುಗಳ ಹೊಟ್ಟೆ ಉಬ್ಬುತ್ತದೆ. ಆಸ್ಕರ್, ಅರೋವಾನಾ, ಫ್ಲವರ್‌ಹಾರ್ನ್, ಡಿಸ್ಕಸ್, ಫೈಟರ್ ಇವಕ್ಕೆ ಮಾಂಸ ಹಿಡಿಸುತ್ತದೆ. ಆದರೆ ಕಾಡಿನ ಹೊಳೆಯಲ್ಲಿ ಇವುಗಳ ಬಳಗಕ್ಕೆ ಸಿಗುವ ಮಾಂಸ ಅಂದರೆ ಹುಳ, ಸಿಗಡಿ, ಸಣ್ಣ ಮೀನು. ಕುರಿ ಕೋಳಿ ಅಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಎರಡನೆಯದು ಕೊಬ್ಬು. ಮಟನ್ ಉಂಡ ತಟ್ಟೆಯನ್ನು ಸ್ವಲ್ಪ ಹೊತ್ತು ಹಾಗೇ ಬಿಟ್ಟರೆ ಮೇಲೆ ಬಿಳಿ ಜಿಡ್ಡು ಗಟ್ಟಿಯಾಗುತ್ತದೆ ಅಲ್ವಾ? ಕುರಿಯ ಮೈ ಬಿಸಿ 39 ಡಿಗ್ರಿಯ ಹತ್ತಿರ, ಅದರೊಳಗೆ ಆ ಕೊಬ್ಬು ಮೆತ್ತಗಿರುತ್ತದೆ. ಮೀನಿಗೆ ಸ್ವಂತ ಮೈ ಬಿಸಿ ಇಲ್ಲ. ನೀರು 27 ಡಿಗ್ರಿ ಇದ್ದರೆ ಅದರ ಮೈಯೂ ಸುಮಾರು ಅಷ್ಟೇ. ಆ ಮೈಯಲ್ಲಿ ಕುರಿಯ ಕೊಬ್ಬು ಸರಿಯಾಗಿ ಬಳಕೆಯಾಗದೆ ಯಕೃತ್ತಿನಲ್ಲಿ ಕೂತುಬಿಡುತ್ತದೆ. ಮೀನು ಹೊರಗಿನಿಂದ ದುಂಡಗೆ, ಚೆಂದ ಕಾಣುತ್ತದೆ. ಒಳಗೆ ಯಕೃತ್ತು ಕೆಟ್ಟಿರುತ್ತದೆ.

ಮೂರನೆಯದು ನೀರು. ನಮ್ಮ ಭಾಗದಲ್ಲಿ ಇದೇ ಎಲ್ಲಕ್ಕಿಂತ ದೊಡ್ಡದು ಅಂತ ನನ್ನ ಅನುಭವ. ಮಾಂಸ ಅಂದರೆ ಪ್ರೋಟೀನ್. ಮೀನು ತಿಂದ ಪ್ರೋಟೀನ್‌ನ ಒಂದು ಭಾಗ ಅಮೋನಿಯಾ ಆಗಿ ಕಿವಿರಿನಿಂದ ನೀರಿಗೇ ಬರುತ್ತದೆ. ತಿನ್ನದೆ ಬಿಟ್ಟ ತುಂಡು ಕೊಳೆತರೂ ಅಮೋನಿಯಾನೇ. ನಮ್ಮ ಬೋರ್ ನೀರು ಬಹಳ ಕಡೆ ಗಡಸು, ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) 8ರ ಆಸುಪಾಸು. ಪಿಎಚ್ 7 ಇರುವ ನೀರಿನಲ್ಲಿ 25 ಡಿಗ್ರಿಗೆ ಅಮೋನಿಯಾದ ಅರ್ಧ ಶೇಕಡಾ ಮಾತ್ರ ವಿಷದ ರೂಪದಲ್ಲಿರುತ್ತದೆ. ಪಿಎಚ್ 8 ಆದರೆ ಅದು ಶೇ 5ರ ಮೇಲೆ. ಅದೇ ನೀರು 32 ಡಿಗ್ರಿಗೆ ಬಿಸಿಯಾದರೆ ಸುಮಾರು ಶೇ 8. ಇನ್ನೊಂದು ಕಡೆ, ಬಿಸಿ ನೀರು ಆಮ್ಲಜನಕವನ್ನು ಕಡಿಮೆ ಹಿಡಿಯುತ್ತದೆ. ಮೇ ತಿಂಗಳಲ್ಲಿ ಹೊರಗೆ 42, 43 ಡಿಗ್ರಿ ಇರುವಾಗ ಕೋಣೆಯೊಳಗಿನ ಟ್ಯಾಂಕ್ ಕೂಡ 32 ಮುಟ್ಟುತ್ತದೆ. ಅದರ ಮೇಲೆ ಕರೆಂಟ್ ಹೋಗಿ ಫಿಲ್ಟರ್ ನಿಂತರೆ ಏನಾಗಬಹುದು ಯೋಚಿಸಿ.

ನಾನು ಯೋಚಿಸಿರಲಿಲ್ಲ. ಕೆಲವು ವರ್ಷದ ಹಿಂದೆ, ಮೇ ಕೊನೆ. ಮನೆಯಲ್ಲಿ ಕೋಳಿ ತಂದಿದ್ದರು. ಕಲೇಜಿ ಉಳಿದಿತ್ತು. ಎರಡು ಆಸ್ಕರ್‌ಗೂ ಸಂಜೆ ಹೊಟ್ಟೆ ತುಂಬ ಹಾಕಿದೆ. ಬಾಯಿ ತೆರೆದು ತೆರೆದು ತಿಂದವು, ನೋಡಲು ಖುಷಿಯಾಯಿತು. ರಾತ್ರಿ ನಾಲ್ಕು ತಾಸು ಕರೆಂಟ್ ಇರಲಿಲ್ಲ. ಬೆಳಿಗ್ಗೆ ನೀರು ಅಕ್ಕಿ ತೊಳೆದ ನೀರಿನಂತಾಗಿತ್ತು. ಎರಡೂ ಮೇಲೆ ಬಂದು ಬಾಯಿ ಬಡಿಯುತ್ತಿದ್ದವು. ಅರ್ಧ ನೀರು ಬದಲಿಸಿದೆ. ದೊಡ್ಡದು ಬದುಕಿತು, ಸಣ್ಣದು ಮಧ್ಯಾಹ್ನದೊಳಗೆ ಹೋಯಿತು. ಇವತ್ತಿಗೂ ನನಗೆ ಅದರ ಬೇಸರ ಹೋಗಿಲ್ಲ. ಜನವರಿಯಲ್ಲಿ ಅಷ್ಟೇ ಕಲೇಜಿ ಹಾಕಿದ್ದರೆ ಬಹುಶಃ ಏನೂ ಆಗುತ್ತಿರಲಿಲ್ಲ.

ಇನ್ನು ನಾಲ್ಕನೆಯದು ಮನೆ. ಫ್ರಿಜ್‌ನಲ್ಲಿ ಮಾಂಸ ಇಡಲು ಮನೆಯವರು ಒಪ್ಪುತ್ತಾರಾ? ಫ್ರೀಜರ್ ಇದೆಯಾ? ಖರ್ಚು ಎಷ್ಟು ತಡೆದೀತು? ಇದನ್ನು ಯಾವ ವಿಡಿಯೋದಲ್ಲೂ ಹೇಳುವುದಿಲ್ಲ. ಆದರೆ ಕೊನೆಗೆ ತೀರ್ಮಾನ ಆಗುವುದು ಇಲ್ಲೇ.

ಗುಂಡಿಗೆ

ಹೊರದೇಶದ ಡಿಸ್ಕಸ್ ಸಾಕುವವರು ಬಹಳ ಕಾಲದಿಂದ ದನದ ಗುಂಡಿಗೆ ಬಳಸುತ್ತಾ ಬಂದಿದ್ದಾರೆ. ಕಾರಣ ಇದೆ. ಗುಂಡಿಗೆ ಅಂದರೆ ಬರೀ ಸ್ನಾಯು. ಮೇಲಿನ ಕೊಬ್ಬು, ನರ ತೆಗೆದರೆ ಒಳಗೆ ಕೆಂಪು ಮಾಂಸ ಮಾತ್ರ ಉಳಿಯುತ್ತದೆ. ಮರಿ ಡಿಸ್ಕಸ್ ಬೇಗ ಬೆಳೆಯಲು ಪ್ರೋಟೀನ್ ಬೇಕು, ಅದು ಇದರಲ್ಲಿದೆ. ಆದರೆ ಅವರು ದಿನಾ ನೀರು ಬದಲಿಸುತ್ತಾರೆ ಅನ್ನುವುದನ್ನು ನಾವು ಮರೆಯುತ್ತೇವೆ.

ನಮ್ಮ ರಾಜ್ಯದಲ್ಲಿ 2020ರ ಗೋಹತ್ಯೆ ನಿಷೇಧ ಕಾಯ್ದೆ ಬಂದ ಮೇಲೆ ದನದ ಗುಂಡಿಗೆಯ ಮಾತು ಬಿಡಿ. ನಮಗೆ ಸಿಗುವುದು ಕುರಿ ಮತ್ತು ಮೇಕೆಯದು, ಇಲ್ಲವೇ ಕೋಳಿಯದು. ಕುರಿ ಗುಂಡಿಗೆಯಲ್ಲಿ 100 ಗ್ರಾಂಗೆ ಸುಮಾರು 16 ಗ್ರಾಂ ಪ್ರೋಟೀನ್, 5ರಿಂದ 6 ಗ್ರಾಂ ಕೊಬ್ಬು. ಮೇಲಿನ ಬಿಳಿ ಪದರ ಚೆನ್ನಾಗಿ ಕೆತ್ತಿದರೆ ಕೊಬ್ಬು ಇನ್ನೂ ಇಳಿಯುತ್ತದೆ. ಕೋಳಿ ಗುಂಡಿಗೆ ಅಗ್ಗ, ಆದರೆ ಕೊಬ್ಬು ಸುಮಾರು 9 ಗ್ರಾಂ. ಅಷ್ಟು ಸಣ್ಣ ಗುಂಡಿಗೆಯ ಮೇಲಿನ ಹಳದಿ ಕೊಬ್ಬನ್ನು ಬಿಡಿಸಿ ಬಿಡಿಸಿ ಬೆರಳು ಸೋಲುತ್ತದೆ. ಎರಡರಲ್ಲಿ ನಾನು ಕುರಿಯದೇ ಆರಿಸುತ್ತೇನೆ. ಅಂಗಡಿಯವರಿಗೆ ಹಿಂದಿನ ದಿನ ಹೇಳಿದರೆ ಒಂದು ಗುಂಡಿಗೆ ತೆಗೆದಿಡುತ್ತಾರೆ. ನಾಲ್ಕೈದು ಮೀನಿಗೆ ಅದು ಒಂದೂವರೆ ತಿಂಗಳು ಬರುತ್ತದೆ. ಬಕ್ರೀದ್ ಹೊತ್ತಿಗೆ ಗೆಳೆಯರ ಮನೆಯಿಂದ ಸಿಕ್ಕರಂತೂ ಖರ್ಚೇ ಇಲ್ಲ.

ಇನ್ನು ಆ ಹುಡುಗನ ಪ್ರಶ್ನೆ. ಫ್ಲವರ್‌ಹಾರ್ನ್‌ನ ತಲೆಯ ಉಬ್ಬು ಮುಖ್ಯವಾಗಿ ತಳಿಯಿಂದ ಬರುತ್ತದೆ. ಅಪ್ಪ ಅಮ್ಮನಿಗೆ ಉಬ್ಬು ಇಲ್ಲದಿದ್ದರೆ ಗುಂಡಿಗೆ ತಿಂದ ಮಾತ್ರಕ್ಕೆ ಬರುವುದಿಲ್ಲ. ಒಳ್ಳೆಯ ನೀರು, ಒಳ್ಳೆಯ ಊಟ ಇದ್ದರೆ ಬರಬೇಕಾದಷ್ಟು ಬರುತ್ತದೆ. ತಲೆಯ ಆಸೆಗೆ ಗುಂಡಿಗೆ ತುರುಕಿದರೆ ತಲೆಗಿಂತ ಮೊದಲು ಹೊಟ್ಟೆ ಬೆಳೆಯುತ್ತದೆ.

ಕಲೇಜಿ

ಕಲೇಜಿ ಅಗ್ಗ, ಎಲ್ಲ ಕೋಳಿ ಅಂಗಡಿಯಲ್ಲೂ ಇದೆ, ಮೀನು ಹುಚ್ಚು ಹಿಡಿದಂತೆ ತಿನ್ನುತ್ತದೆ. ಪೋಷಣೆಯೂ ಕಡಿಮೆ ಏನಿಲ್ಲ: ಕಬ್ಬಿಣ, ವಿಟಮಿನ್ ಬಿ ಗುಂಪು, ವಿಟಮಿನ್ ಎ ಭರ್ತಿ. ತೊಂದರೆ ಎರಡು. ವಿಟಮಿನ್ ಎ ಕೊಬ್ಬಿನಲ್ಲಿ ಕರಗುವಂಥದ್ದು. ಜಾಸ್ತಿಯಾದರೆ ಮೈಯಿಂದ ಹೊರಗೆ ಹೋಗದೆ ಒಳಗೇ ಸೇರುತ್ತಾ ಹೋಗುತ್ತದೆ. ಎರಡನೆಯದು, ಕಲೇಜಿ ನೀರಿಗೆ ಬಿದ್ದ ಕೂಡಲೇ ಪುಡಿಯಾಗುತ್ತದೆ. ಅದರ ರಕ್ತ, ರಸ ನೀರಿಗೆ ಹರಡುತ್ತದೆ. ಅದರ ಮೇಲೆ ಆಸ್ಕರ್ ತಿನ್ನುವಾಗ ಅಗಿದು ಕಿವಿರಿನಿಂದ ಅರ್ಧ ಉಗುಳುತ್ತದೆ. ಆ ಪುಡಿಯನ್ನು ಜಾಲಿಯಿಂದ ಹಿಡಿಯಲು ಆಗುವುದಿಲ್ಲ.

ಕೊಡಲೇಬೇಕು ಅನ್ನುವವರು ಎರಡು ನಿಮಿಷ ಕುದಿಸಿ, ಆರಿಸಿ, ಕಡಲೆ ಕಾಳಿನಷ್ಟು ತುಂಡು ಮಾಡಿ, ತಿಂಗಳಿಗೆ ಒಂದು ಸಲ ಕೊಡಿ. ಕುದಿಸಿದ್ದು ನೀರಿನಲ್ಲಿ ಅಷ್ಟು ಬೇಗ ಬಿಡಿಸಿಕೊಳ್ಳುವುದಿಲ್ಲ. ಮಾರ್ಚ್‌ನಿಂದ ಜೂನ್‌ವರೆಗೆ ಬೇಡವೇ ಬೇಡ. ಎರಡು ಅಡಿಗಿಂತ ಸಣ್ಣ ಟ್ಯಾಂಕ್‌ಗೆ ವರ್ಷವಿಡೀ ಬೇಡ.

ಕೋಳಿ ಎದೆ ಮತ್ತು ಪೋಟಾ

ಎದೆ ಮಾಂಸದಲ್ಲಿ ಪ್ರೋಟೀನ್ 22 ಗ್ರಾಂವರೆಗೆ, ಕೊಬ್ಬು 2ರಿಂದ 3 ಗ್ರಾಂ. ನೀರು ಕೆಡಿಸುವುದೂ ಕಡಿಮೆ. ಆದರೆ ಮುಖ್ಯವಾಗಿ ಪ್ರೋಟೀನ್ ಅಷ್ಟೇ, ಬೇರೆ ಸತ್ವ ಕಡಿಮೆ. ಕೋಳಿಯ ಗಟ್ಟಿ ಹೊಟ್ಟೆ, ಅಂದರೆ ಪೋಟಾ, ಎದೆಗಿಂತ ಅಗ್ಗ. ಅದರಲ್ಲೂ ಕೊಬ್ಬು 2 ಗ್ರಾಂ ಅಷ್ಟೇ, ಪ್ರೋಟೀನ್ 17ರ ಮೇಲೆ. ಒಳಗಿನ ಹಳದಿ ಸಿಪ್ಪೆ ತೆಗೆದು ಬಹಳ ಸಣ್ಣಗೆ ಹೆಚ್ಚಬೇಕು, ಯಾಕೆಂದರೆ ಅದು ರಬ್ಬರ್‌ನಂತೆ ಗಟ್ಟಿ. ಕಡಿಮೆ ದುಡ್ಡಿನಲ್ಲಿ ದೊಡ್ಡ ಆಸ್ಕರ್ ಸಾಕುವವರಿಗೆ ಗುಂಡಿಗೆಗಿಂತ ಇದು ಒಳ್ಳೆಯದು ಅಂತ ನನಗನಿಸುತ್ತದೆ. ಆದರೂ ಜನ ಇದರ ಕಡೆ ನೋಡುವುದೇ ಇಲ್ಲ.

ಸಿಗಡಿ ಮತ್ತು ಮೀನು

ಮೊದಲು ಹೇಳಿದ ಮಾತಿಗೆ ಬರೋಣ. ಮೀನು ಹುಟ್ಟಾ ತಿನ್ನುವುದು ನೀರಿನ ಜೀವಿಗಳನ್ನು. ಸಿಗಡಿಯಲ್ಲಿ ಪ್ರೋಟೀನ್ 20 ಗ್ರಾಂ ಹತ್ತಿರ, ಕೊಬ್ಬು 1 ಗ್ರಾಂ ಆಸುಪಾಸು. ಇರುವ ಆ ಸ್ವಲ್ಪ ಕೊಬ್ಬಿನಲ್ಲೂ ಮೀನಿಗೆ ಬೇಕಾದ ಒಮೆಗಾ 3 ಇದೆ. ಕುರಿ ಕೋಳಿಯಲ್ಲಿ ಅದು ಹೆಸರಿಗಷ್ಟೇ. ಸಿಪ್ಪೆಯಲ್ಲಿ ಅಸ್ಟಾಕ್ಸಾಂಥಿನ್ ಅನ್ನುವ ಬಣ್ಣದ ಅಂಶ ಇದೆ. ಮೀನಿನ ಕೆಂಪು, ಕಿತ್ತಳೆ ಗಾಢವಾಗುವುದು ಅದರಿಂದ. ಗುಂಡಿಗೆ ಎಷ್ಟು ಕೆಂಪಗಿದ್ದರೂ ಅದರಿಂದ ಮೀನಿಗೆ ಬಣ್ಣ ಬರುವುದಿಲ್ಲ. ಎರಡರ ಕೆಂಪು ಬೇರೆ ಬೇರೆ.

ನಮ್ಮದು ಸಮುದ್ರದಿಂದ ದೂರದ ಊರು. ಸಿಗಡಿ ಐಸಿನ ಪೆಟ್ಟಿಗೆಯಲ್ಲಿ ಬರುತ್ತದೆ, ದರವೂ ಜಾಸ್ತಿ. ಮೂಸಿ ನೋಡಿ ತನ್ನಿ. ಅಮೋನಿಯಾ ವಾಸನೆ ಬಂದರೆ ಬಿಡಿ. ಆದರೆ ಮೀನಿಗೆ ಬೇಕಾಗುವುದು ಎಷ್ಟು? ಮನೆಗೆ ಅರ್ಧ ಕಿಲೋ ತಂದಾಗ ಐದಾರು ಸಿಗಡಿ ತೆಗೆದಿಟ್ಟರೆ ಒಂದು ತಿಂಗಳ ಹಬ್ಬದೂಟ ಆಯಿತು. ಕಿಲೋ ಲೆಕ್ಕದಲ್ಲಿ ದುಬಾರಿ ಕಂಡರೂ ತಿಂಗಳ ಲೆಕ್ಕದಲ್ಲಿ ಭಾರ ಅಲ್ಲ. ಕೆಲವು ಜಾತಿಯ ಹಸಿ ಸಿಗಡಿಯಲ್ಲಿ ಥಯಾಮಿನೇಸ್ ಅನ್ನುವ ಅಂಶ ಇರುತ್ತದೆ, ಅದು ವಿಟಮಿನ್ ಬಿ1 ಅನ್ನು ಹಾಳು ಮಾಡುತ್ತದೆ. ಕುದಿಸಿದರೆ ಅದು ಹೋಗುತ್ತದೆ.

ಹೊಳೆ ಮೀನಿನಲ್ಲಿ ಜಿಲೇಬಿ ಮೀನು (ತಿಲಾಪಿಯಾ) ಒಳ್ಳೆಯ ಆಯ್ಕೆ. ಭೀಮಾ ಕಡೆಯಿಂದಲೂ ಕೆರೆಗಳಿಂದಲೂ ಬರುತ್ತದೆ, ಅಗ್ಗ, ಕೊಬ್ಬು ಕಡಿಮೆ. ಮುಳ್ಳು ಪೂರಾ ತೆಗೆಯಿರಿ. ಹೊಳೆ ಮೀನು ಹಸಿಯಾಗಿ ಹಾಕಬೇಡಿ. ಅದರ ಮೈಯಲ್ಲಿರುವ ಪರಾವಲಂಬಿ ಹುಳ ನಿಮ್ಮ ಮೀನಿಗೂ ಹತ್ತೀತು. ಒಂದು ವಾರ ಗಟ್ಟಿ ಫ್ರೀಜರ್‌ನಲ್ಲಿಟ್ಟು ಆಮೇಲೆ ಕುದಿಸಿ ಕೊಡಿ.

ಕೆಲವರು ಜೀವಂತ ಗೋಲ್ಡ್ ಫಿಶ್ ಮರಿಗಳನ್ನೇ ಆಸ್ಕರ್‌ಗೆ, ಅರೋವಾನಾಗೆ ಬಿಡುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ಗೋಲ್ಡ್ ಫಿಶ್ ಮೈಯಲ್ಲಿ ಥಯಾಮಿನೇಸ್ ಬಹಳ. ಅಂಗಡಿಯ ಕಿಕ್ಕಿರಿದ ತೊಟ್ಟಿಯಲ್ಲಿ ಬೆಳೆದ ಮರಿಗಳ ಜೊತೆ ರೋಗವೂ ಬರುತ್ತದೆ. ಆ ಮರಿಗೆ ಆಗುವ ಹಿಂಸೆಯೂ ಸುಮ್ನೆ ಆಗುವ ಹಿಂಸೆ, ಅದಿಲ್ಲದೆಯೂ ದೊಡ್ಡ ಮೀನು ಚೆನ್ನಾಗಿ ಬದುಕುತ್ತದೆ.

ಎರೆಹುಳು ಮತ್ತು ಪ್ಯಾಕೆಟ್ ಹುಳ

ನಿಜ ಹೇಳಬೇಕೆಂದರೆ ಇಷ್ಟೆಲ್ಲ ಹೋಲಿಕೆಯಲ್ಲಿ ನನ್ನ ಮೆಚ್ಚಿನದು ಎರೆಹುಳು. ಖರ್ಚಿಲ್ಲ, ಕೊಬ್ಬು ಕಡಿಮೆ, ಮೀನಿನ ಹೊಟ್ಟೆಗೆ ಗೊತ್ತಿರುವ ಆಹಾರ, ನೀರನ್ನೂ ಅಷ್ಟು ಕೆಡಿಸುವುದಿಲ್ಲ. ಮಳೆ ಬಿದ್ದ ಮರುದಿನ ಹಿತ್ತಲಲ್ಲಿ ಹಿಡಿ ಮಣ್ಣು ಎತ್ತಿದರೆ ಸಿಗುತ್ತದೆ. ಒಂದು ಒದ್ದೆ ಗೋಣಿ ಚೂರಿನಲ್ಲಿ ಒಂದು ದಿನ ಇಡಿ, ಹೊಟ್ಟೆಯ ಮಣ್ಣು ಹೋಗುತ್ತದೆ. ತೊಳೆದು ಕತ್ತರಿಸಿ ಕೊಡಿ.

ಇಲ್ಲಿ ಎರಡು ಎಚ್ಚರ. ತೊಗರಿ ಹೊಲದ ಹುಳ ಬೇಡ. ಕಾಯಿಕೊರಕಕ್ಕೆ ಹೊಡೆದ ಔಷಧ ಮಣ್ಣಿನಲ್ಲಿರುತ್ತದೆ, ಹುಳದ ಮೈಯಲ್ಲೂ ಇರುತ್ತದೆ. ಹತ್ತಿ ಹೊಲದ್ದೂ ಬೇಡ. ಎರೆಗೊಬ್ಬರದ ಗುಂಡಿಯಲ್ಲಿ ಸಾಕುವ ಪಟ್ಟೆಪಟ್ಟೆ ಕೆಂಪು ಹುಳವೂ ಸರಿಯಲ್ಲ. ಮುಟ್ಟಿದರೆ ಅದು ಹಳದಿ ರಸ ಬಿಡುತ್ತದೆ, ವಾಸನೆ ಕೆಟ್ಟದು. ಬಹಳ ಮೀನುಗಳು ಬಾಯಿಗೆ ಹಾಕಿ ಉಗುಳುತ್ತವೆ. ಬೇಸಿಗೆಯಲ್ಲಿ ಒಳ್ಳೆಯ ಎರೆಹುಳು ನಮ್ಮಲ್ಲಿ ಸಿಗುವುದೇ ಇಲ್ಲ. ಹಾಗಾಗಿ ಇದು ಮಳೆಗಾಲದ ಮತ್ತು ಚಳಿಗಾಲದ ಮೊದಲ ಭಾಗದ ಆಯ್ಕೆ.

ಫ್ರೋಜನ್ ಬ್ಲಡ್‌ವರ್ಮ್, ಅಂದರೆ ಫ್ರೀಜರ್‌ನಲ್ಲಿ ಗಟ್ಟಿ ಮಾಡಿದ ಸಣ್ಣ ಕೆಂಪು ಹುಳ, ಚೆನ್ನಾಗಿರುತ್ತದೆ. ಆದರೆ ಹೈದರಾಬಾದ್‌ನಿಂದ ಬರುವ ದಾರಿಯಲ್ಲಿ ಒಮ್ಮೆ ಕರಗಿ ಮತ್ತೆ ಗಟ್ಟಿಯಾಗಿದ್ದರೆ ಅದು ಕೆಟ್ಟಂತೆಯೇ. ಪ್ಯಾಕೆಟ್ ಒಳಗೆ ತುಂಡುಗಳು ಒಂದಕ್ಕೊಂದು ಅಂಟಿದ್ದರೆ ತರಬೇಡಿ. ಬೀದರ್‌ನವರಿಗೆ ಹೈದರಾಬಾದ್ ಹತ್ತಿರ, ಥರ್ಮಾಕೋಲ್ ಡಬ್ಬಿ ಹಿಡಿದು ಹೋಗಿ ತರಬಹುದು. ಯಾದಗಿರಿ, ಕಲಬುರಗಿಯವರಿಗೆ ಒಣಗಿಸಿದ ಹುಳವೇ ವಾಸಿ. ಟ್ಯಾಂಕ್ ನೀರಿನಲ್ಲಿ ಐದು ನಿಮಿಷ ನೆನೆಸಿ ಹಾಕಿ. ಬ್ಲಡ್‌ವರ್ಮ್ ಮುಟ್ಟಿದರೆ ಕೆಲವರಿಗೆ ಅಲರ್ಜಿ ಆಗುತ್ತದೆ. ಕೈ ಕೆರೆತ, ಸೀನು ಬಂದರೆ ಬಿಟ್ಟುಬಿಡಿ. ಚರಂಡಿಯಿಂದ ತೆಗೆದ ಜೀವಂತ ಟ್ಯುಬಿಫೆಕ್ಸ್ ಹುಳ ಅಂತೂ ಮನೆಗೇ ತರಬೇಡಿ.

ಮಿಶ್ರಣ ಮಾಡಿಡುವವರಿಗೆ

ಗುಂಡಿಗೆ ತಂದವರು ಅದನ್ನೊಂದೇ ಹಾಕುವುದಕ್ಕಿಂತ ಸಿಗಡಿ, ಸೊಪ್ಪು ಸೇರಿಸಿ ಮಿಶ್ರಣ ಮಾಡಿದರೆ ಕೊರತೆ ತುಂಬುತ್ತದೆ. ಕೊಬ್ಬು ಕೆತ್ತಿದ ಗುಂಡಿಗೆ ಎರಡು ಪಾಲು, ಸಿಪ್ಪೆ ಸಮೇತ ಕುದಿಸಿದ ಸಿಗಡಿ ಎರಡು ಪಾಲು, ಬೇಯಿಸಿದ ಬಟಾಣಿ ಮತ್ತು ಪಾಲಕ್ ಒಂದು ಪಾಲು. ಮಿಕ್ಸಿಯಲ್ಲಿ ತರಿತರಿಯಾಗಿ ರುಬ್ಬಿ. ಅಂಟಿಗೆ ಬಹಳ ಜನ ಜೆಲಾಟಿನ್ ಹೇಳುತ್ತಾರೆ. ನಮ್ಮಲ್ಲಿ ಅದು ಕೆಲಸ ಮಾಡುವುದಿಲ್ಲ. ಜೆಲಾಟಿನ್ 30 ಡಿಗ್ರಿ ದಾಟಿದರೆ ಕರಗಲು ಶುರುವಾಗುತ್ತದೆ, ಬೇಸಿಗೆಯ ನಮ್ಮ ಟ್ಯಾಂಕ್ ನೀರೇ ಅಷ್ಟು ಬಿಸಿ. ತುಂಡು ಮೀನಿನ ಬಾಯಿಗೆ ಹೋಗುವ ಮುಂಚೆಯೇ ಬಿಡಿಸಿಕೊಳ್ಳುತ್ತದೆ. ಕಿರಾಣಿ ಅಂಗಡಿಯ ಚೈನಾ ಗ್ರಾಸ್ ಬಳಸಿ. ಒಮ್ಮೆ ಗಟ್ಟಿಯಾದರೆ ಅದು 80 ಡಿಗ್ರಿ ದಾಟುವವರೆಗೂ ಕರಗುವುದಿಲ್ಲ. ನೀರಿನಲ್ಲಿ ಕುದಿಸಿ, ಬೆರಳು ತಾಳುವಷ್ಟು ಆರಿದ ಕೂಡಲೇ ಬೇಗ ಬೆರೆಸಿ, ಪ್ಲಾಸ್ಟಿಕ್ ಚೀಲದಲ್ಲಿ ತೆಳ್ಳಗೆ ತಟ್ಟಿ ಫ್ರೀಜರ್‌ನಲ್ಲಿಡಿ. ಬೇಕಾದಾಗ ಚಾಕೊಲೇಟ್‌ನಂತೆ ಮುರಿದುಕೊಳ್ಳಬಹುದು. ಎರಡು ತಿಂಗಳೊಳಗೆ ಮುಗಿಸಿ. ಕರೆಂಟ್ ಹೋಗಿ ಪೂರಾ ಕರಗಿದ್ದರೆ ಮತ್ತೆ ಗಟ್ಟಿ ಮಾಡಬೇಡಿ, ಎಸೆದುಬಿಡಿ.

ನಮ್ಮ ಮನೆಗಳಲ್ಲಿ ಮಾಂಸ ಬಂದ ಕೂಡಲೇ ಅರಿಶಿನ, ಉಪ್ಪು ಹಚ್ಚುವ ರೂಢಿ. ಮೀನಿನ ಪಾಲನ್ನು ಅದಕ್ಕೂ ಮುಂಚೆ ತೆಗೆದಿಡಲು ಹೇಳಿ. ನಮ್ಮ ಅವ್ವ ಈಗ ತಾನೇ ಒಂದು ಸಣ್ಣ ಬಟ್ಟಲಲ್ಲಿ ತೆಗೆದಿಡುತ್ತಾಳೆ.

ಹಾಗಾದರೆ ನಿಮಗೆ ಯಾವುದು?

ಗೋಲ್ಡ್ ಫಿಶ್, ಕೋಯಿ, ಮೋಲಿ, ಗಪ್ಪಿ ಇಟ್ಟವರು ಕುರಿ ಕೋಳಿ ಮಾಂಸ ಪೂರಾ ಬಿಡಿ. ಸಿಪ್ಪೆ ಸುಲಿದ ಬೇಯಿಸಿದ ಬಟಾಣಿ, ಆಗೀಗ ಒಣ ಹುಳ ಸಾಕು. ಸಕ್ಕರ್ ಮೀನು ಕೆಳಗೆ ಬಿದ್ದ ಮಾಂಸ ತಿಂದರೂ ಅದರ ಊಟ ಸೌತೆಕಾಯಿ ಮತ್ತು ಪಾಚಿ.

ಫೈಟರ್ ಒಂದೇ ಇದ್ದರೆ ಗುಂಡಿಗೆಯ ಗೋಜೇ ಬೇಡ, ವಾರಕ್ಕೆ ನಾಲ್ಕು ನೆನೆಸಿದ ಹುಳ ಅದಕ್ಕೆ ಸುಗ್ಗಿ.

ಆಸ್ಕರ್ ಇದ್ದು ಖರ್ಚು ಕಡಿಮೆ ಇರಬೇಕು ಅಂದರೆ ಮಳೆಗಾಲದಲ್ಲಿ ಎರೆಹುಳು, ಉಳಿದ ಕಾಲದಲ್ಲಿ ಪೋಟಾ ಮತ್ತು ಜಿಲೇಬಿ ಮೀನು. ಫ್ಲವರ್‌ಹಾರ್ನ್‌ಗೆ ಬಣ್ಣ ಬೇಕು ಅಂದರೆ ದುಡ್ಡನ್ನು ಗುಂಡಿಗೆ ಮೇಲೆ ಹಾಕದೆ ಸಿಗಡಿ ಮೇಲೆ ಹಾಕಿ. ಡಿಸ್ಕಸ್ ಮರಿ ಬೆಳೆಸುತ್ತಾ, ದಿನಾ ನೀರು ಬದಲಿಸುತ್ತಾ, ಇನ್ವರ್ಟರ್ ಕೂಡ ಇದ್ದವರು ಗುಂಡಿಗೆ ಮಿಶ್ರಣ ಮಾಡಿ. ಆ ಮೂರರಲ್ಲಿ ಒಂದು ಇಲ್ಲದಿದ್ದರೂ ನಾನು ಬೇಡ ಅನ್ನುತ್ತೇನೆ.

ಮನೆಯಲ್ಲಿ ಮಾಂಸ ಒಳಗೆ ತರುವುದೇ ಇಲ್ಲ ಅನ್ನುವವರು ಬೇಸರ ಪಡಬೇಡಿ. ಒಳ್ಳೆಯ ಪೆಲೆಟ್ ಮೇಲೆಯೇ ಆಸ್ಕರ್ ಹತ್ತು ವರ್ಷ ಬದುಕುತ್ತದೆ. ನಮ್ಮ ಮನೆಯಲ್ಲಿ ಶ್ರಾವಣ ಬಂದರೆ ಮಾಂಸ ನಿಲ್ಲುತ್ತದೆ, ಮೀನಿಗೂ ಆ ತಿಂಗಳು ಕಾಳೇ. ಒಂದು ಮೀನೂ ಸೊರಗಿದ್ದನ್ನು ನಾನು ನೋಡಿಲ್ಲ. ಗುಂಡಿಗೆಗೆ ಕೊಡುವ ದುಡ್ಡನ್ನು ಇನ್ನೊಂದು ಮೆಟ್ಟಿಲು ಒಳ್ಳೆಯ ಪೆಲೆಟ್‌ಗೆ ಕೊಡಿ.

ಮೊದಲ ಸಲ ಕೊಡುವಾಗ

ಬೆಳಿಗ್ಗೆ ಕೊಡಿ, ರಾತ್ರಿ ಬೇಡ. ಹಗಲಲ್ಲಿ ಏನಾದರೂ ಆದರೆ ನಿಮಗೆ ಕಾಣುತ್ತದೆ. ತುಂಡು ಮೀನಿನ ಕಣ್ಣಿಗಿಂತ ದೊಡ್ಡದು ಇರಬಾರದು. ಆರು ಇಂಚಿನ ಆಸ್ಕರ್‌ಗೆ ಅಂಥ ಮೂರ್ನಾಲ್ಕು ತುಂಡು. ಐದು ನಿಮಿಷದಲ್ಲಿ ತಿನ್ನದೆ ಬಿಟ್ಟದ್ದನ್ನು ಜಾಲಿಯಿಂದ ತೆಗೆಯಿರಿ. ಆ ದಿನ ಬೇರೆ ಊಟ ಬೇಡ. ಮರುದಿನ ಕಾಲು ಭಾಗ ನೀರು ಬದಲಿಸಿ. ಬದಲಿಸುವ ಮುಂಚೆ ಒಮ್ಮೆ ಟ್ಯಾಂಕ್ ತಳ ನೋಡಿ. ಮೀನಿನ ಹಿಕ್ಕೆ ಗಟ್ಟಿಯಾಗಿ, ಕಂದು ಬಣ್ಣದಲ್ಲಿದ್ದರೆ ಆ ತಿನಿಸು ಹಿಡಿಸಿದೆ. ಬಿಳಿ ದಾರದಂತೆ ನೇತಾಡುತ್ತಿದ್ದರೆ ಎರಡು ದಿನ ಏನೂ ಹಾಕಬೇಡಿ, ಮೂರನೆಯ ದಿನ ಒಂದು ಬಟಾಣಿ ಕೊಟ್ಟು ನೋಡಿ. ಅದು ಸರಿಯಾದ ಮೇಲೆ ಪೆಲೆಟ್ ಶುರು ಮಾಡಿ.